ಹತ್ತು ದಿನ ಬಿಡ್ರಿ

ಮುದಿ ನಾಯಿ ಬೇಕೆಂದು ಕೇಳಿಕೊಂಡು ಯಾರೂ ಬರುವುದಿಲ್ಲ. ಬೆಂಗಳೂರಿನ ಹೊರವಲಯದ ಒಂದು ಪ್ರಾಣಿ ಆಶ್ರಯಧಾಮದಲ್ಲಿ ನಾನು ಕೆಲಸಕ್ಕಿದ್ದಾಗ, ಭಾನುವಾರ ಬಂತೆಂದರೆ ಗೇಟಿನ ಮುಂದೆ ಕಾರುಗಳು ನಿಲ್ಲುತ್ತಿದ್ದವು. ಎಲ್ಲರಿಗೂ ಮರಿಯೇ ಬೇಕು. ದೊಡ್ಡ ನಾಯಿಗಳ ಸಾಲಿನ ಮುಂದೆ ನಡೆಯುವಾಗ ಹೆಂಗಸರು 'ಅಯ್ಯೋ ಪಾಪ' ಅನ್ನುತ್ತಿದ್ದರು, ಮಕ್ಕಳು ಬಿಸ್ಕತ್ತು ಎಸೆಯುತ್ತಿದ್ದರು, ಅಷ್ಟೇ. ವಯಸ್ಸಾದ ನಾಯಿಗಳು ಅಲ್ಲಿಗೆ ಬರುವ ಕಾರಣವೂ ಹೆಚ್ಚುಕಡಿಮೆ ಒಂದೇ ಬಗೆಯದು: ಮನೆ ಬದಲಾಯಿಸಿದರು, ಮಗು ಹುಟ್ಟಿತು, ವಿದೇಶಕ್ಕೆ ಹೊರಟರು, ಇಲ್ಲವೇ ಔಷಧದ ಖರ್ಚು ಜಾಸ್ತಿಯಾಯಿತು.

ನಾನು ಯಾದಗಿರಿ ಸೀಮೆಯ ಕೊಡೇಕಲ್ಲಿನವನು. ನಮ್ಮ ಕಡೆಯವರು ಬೆಂಗಳೂರಿಗೆ ಗುಳೆ ಹೋಗುವುದು ಗಾರೆ ಕೆಲಸಕ್ಕೆ, ಸೆಂಟ್ರಿಂಗಿಗೆ. ನಾನೂ ಹಾಗೇ ಹೋದವನು. ಮೊಣಕಾಲು ಕೈಕೊಟ್ಟ ಮೇಲೆ ಮಹಡಿ ಹತ್ತಿ ಇಟ್ಟಿಗೆ ಹೊರಲಾಗದೆ ಈ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಗೂಡುಗಳನ್ನು ಫಿನಾಯಿಲ್ ಹಾಕಿ ತೊಳೆಯುವುದು, ಕೋಳಿ ಚೂರು, ಅರಿಶಿನ ಹಾಕಿ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸುವುದು, ಔಷಧ ಕುಡಿಸುವಾಗ ನಾಯಿಯ ಬಾಯಿ ಹಿಡಿಯುವುದು. ಸೇರುತ್ತಲೇ ರೇಬೀಸ್ ಬರದ ಹಾಗೆ ಮುಂಜಾಗ್ರತೆಯ ಸೂಜಿ ಹಾಕಿಸಿದ್ದರು. ಮುಂದೆ ಊರಲ್ಲಿ ನಡೆದದ್ದಕ್ಕೆ ಆ ಸೂಜಿಯೇ ನನಗೆ ಧೈರ್ಯವಾಯಿತು.

ಜೂಲಿ ಲ್ಯಾಬ್ರಡಾರ್ ಜಾತಿಯ ಹೆಣ್ಣು ನಾಯಿ. ಯಾರೋ ರಾತ್ರಿ ಬಂದು ಗೇಟಿಗೆ ಕಟ್ಟಿಹೋಗಿದ್ದರು. ಕೊರಳಪಟ್ಟಿ ಹೊಸದು, ಮೈಗೆ ಶಾಂಪೂ ಹಾಕಿ ತೊಳೆದಿದ್ದರು. ಕೈಬಿಡುವ ಮೊದಲು ಸ್ನಾನ ಮಾಡಿಸಿದವರ ಮನಸ್ಸು ಎಂಥದೋ. ಡಾಕ್ಟರು ಹಲ್ಲು ನೋಡಿ ಹತ್ತು ವರ್ಷ ದಾಟಿದೆ ಎಂದರು. ಮೂತಿಯೆಲ್ಲ ಬೆಳ್ಳಗೆ, ಸೊಂಟದ ಕೀಲು ಸವೆದಿತ್ತು. ಅವ್ವನಿಗೆ ಕೈಲಾಗುವುದಿಲ್ಲ, ಎಡದಂಡೆ ಕಾಲುವೆಯ ನೀರು ಬರುವ ಹೊಲವನ್ನು ಪಾಲಿಗೆ ಕೊಟ್ಟು ಎಷ್ಟು ದಿನ ಇರುವುದು ಎಂದು ನಾನು ಊರಿಗೆ ಮರಳುವ ಹೊತ್ತಿಗೂ ಜೂಲಿಯನ್ನು ಯಾರೂ ಒಯ್ದಿರಲಿಲ್ಲ. ನಾನೇ ಒಯ್ಯುತ್ತೇನೆಂದೆ. ಉಳಿದವರಿಗೆ ಕೊಡುವ ಹಾಗೇ ನನಗೂ ಫಾರಂ ಕೊಟ್ಟು ತುಂಬಿಸಿಕೊಂಡರು: ಮನೆ ಸ್ವಂತದ್ದೋ, ಅಂಗಳ ಇದೆಯೋ, ಖರ್ಚು ಯಾರು ನೋಡಿಕೊಳ್ಳುತ್ತಾರೆ. ಲಸಿಕೆಯ ಕಾರ್ಡು ಕೈಗೆ ಕೊಟ್ಟರು. ಗುಳೆಯಿಂದ ಮರಳುವವರ ಕ್ರೂಸರ್ ಒಂದರಲ್ಲಿ ಹಿಂದಿನ ಸೀಟಿನ ಕೆಳಗೆ ಅವಳಿಗೆ ಜಾಗ ಸಿಕ್ಕಿತು. ರಾತ್ರಿಯೆಲ್ಲ ವಾಂತಿ ಮಾಡಿಕೊಂಡಳು. ಜೊತೆಗಿದ್ದವರು ಬೈದರು, ಹುಣಸಗಿ ದಾಟುವ ಹೊತ್ತಿಗೆ ಅವರೇ ಬಾಟಲಿಯಿಂದ ನೀರು ಕುಡಿಸಿದರು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಮನ್ಯಾಗ ಒಬ್ಬಾಕಿ ಮುದುಕಿ ಇದ್ದದ್ದು ಸಾಲಲಿಲ್ಲೇನೋ ಯಪ್ಪಾ?"

ನಮ್ಮೂರಲ್ಲಿ ನಾಯಿಗೆ ರೊಟ್ಟಿ ಹಾಕದ ಮನೆಯಿಲ್ಲ, ಆದರೆ ನಾಯಿಯನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳುವ ಮನೆಯೂ ಇಲ್ಲ. ಕುರಿ ಕಾಯುವವರ ನಾಯಿಗಳಾದರೆ ದುಡಿದು ತಿನ್ನುತ್ತವೆ. ಇದು ದುಡಿಯುವುದೂ ಇಲ್ಲ, ಬೊಗಳುವುದೂ ಇಲ್ಲ. ಮೇಲಾಗಿ ನಮ್ಮ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ ಸೀಮೆ 42 ಡಿಗ್ರಿ ದಾಟುವುದು ಹೊಸದಲ್ಲ, ದಪ್ಪ ತುಪ್ಪಳದ ಆ ಮೈಗೆ ಅದು ತಡೆಯದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಹೊರಹಾಕಿ ತೇಕಿಯೇ ಕಾವು ಕಳೆಯಬೇಕು. ಹಾಗಾಗಿ ಜೂಲಿ ನಡುಮನೆಯ ಶಹಾಬಾದಿ ಫರ್ಸಿಯ ಮೇಲೆ ಹೊಟ್ಟೆ ಊರಿ ಮಲಗುತ್ತಿದ್ದಳು. ತಂಪೇನೋ ಸಿಗುತ್ತಿತ್ತು. ಏಳುವಾಗ ಮಾತ್ರ ನುಣುಪಿನ ಮೇಲೆ ಹಿಂಗಾಲುಗಳು ಜಾರಿ ಎರಡೂ ಕಡೆ ಅಗಲಿಹೋಗುತ್ತಿದ್ದವು. ಉಗುರು ಫರ್ಸಿಯ ಸಂದಿನಲ್ಲಿ ಸಿಕ್ಕರೆ ಏಳುವಳು, ಇಲ್ಲವಾದರೆ ನನ್ನನ್ನು ನೋಡುತ್ತ ಕೂರುವಳು. ಬಾಗಿಲಿನವರೆಗೆ ಗೋಣಿಚೀಲ ಹಾಸಿದೆ. ನಾನು ಹೊಲಕ್ಕೆ ಹೋದಾಗ ಆ ಚೀಲಗಳಿಗೆ ನೀರು ಚಿಮುಕಿಸುತ್ತಿದ್ದವಳು ಅವ್ವನೇ. ಕೇಳಿದರೆ ಧೂಳು ಏಳಬಾರದೆಂದು ಅನ್ನುತ್ತಿದ್ದಳು.

ಬೇಸಿಗೆ ಹೇಗೋ ಕಳೆಯಿತು. ನಿಜವಾದ ಕಷ್ಟ ಬಂದದ್ದು ಮಳೆಗಾಲದಲ್ಲಿ.

ಒಂದು ಬೆಳಿಗ್ಗೆ ಜೂಲಿ ಏಳಲು ಹೋಗಿ ಎಡಕ್ಕೆ ಬಿದ್ದಳು. ಮತ್ತೆ ಎದ್ದಳು, ಮತ್ತೆ ಎಡಕ್ಕೇ. ತಲೆ ಒಂದು ಕಡೆ ವಾಲಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅಂಗಳಕ್ಕೆ ಬಂದವಳು ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತತೊಡಗಿದಳು. ಎದುರು ಮನೆಯ ಹುಡುಗನಿಗೆ ಅವಳೆಂದರೆ ಪ್ರಾಣ. ಬೀಳುತ್ತಾಳೆಂದು ಓಡಿಬಂದು ಕೊರಳಿಗೆ ಕೈ ಹಾಕಿದ. ಅದುವರೆಗೆ ಯಾರ ಮೇಲೂ ಹಲ್ಲು ತೋರದ ನಾಯಿ ಅವನ ಅಂಗೈ ಕಡಿಯಿತು. ರಕ್ತ ಬಂತು.

ಅದೇ ವಾರ ಆಚೆ ತಾಂಡಾದ ಕಡೆ ಹುಚ್ಚು ನಾಯಿಯೊಂದು ಕುರಿಗಳನ್ನು ಕಡಿದ ಸುದ್ದಿ ಬಂದಿತ್ತು. ಅರ್ಧ ತಾಸಿನಲ್ಲಿ ನಮ್ಮ ಮನೆ ಮುಂದೆ ಜನ ಸೇರಿತು, ಕೆಲವರ ಕೈಯಲ್ಲಿ ಬಡಿಗೆ. "ಹುಚ್ಚ ಹಿಡದಾದ. ಹೊಡ್ದ ಹಾಕು."

ಮೊದಲು ಹುಡುಗನ ಕೈ. ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆ. ಹಿಂದೆ ಯಾರೋ ಸುಣ್ಣ, ಖಾರದ ಪುಡಿ ಹಚ್ಚು ಅನ್ನುತ್ತಿದ್ದರು, ಕೇಳಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಅಂದೇ ಮೊದಲ ಸೂಜಿ ಆಯಿತು. ರಕ್ತ ಬಂದ ಗಾಯಕ್ಕೆ ಅದಷ್ಟೇ ಸಾಲದು, ಗಾಯದ ಸುತ್ತ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಬೇಕು. ಅದಕ್ಕಾಗಿ ಸುರಪುರಕ್ಕೆ ಹೋದೆವು. ಉಳಿದ ಸೂಜಿ 3, 7 ಮತ್ತು 28ನೆಯ ದಿನಕ್ಕೆ. ದಾರಿಯುದ್ದಕ್ಕೂ ಹುಡುಗನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ.

ಅಲ್ಲಿಂದಲೇ ಆಶ್ರಯಧಾಮದ ಡಾಕ್ಟರಿಗೆ ಫೋನು ಮಾಡಿದ್ದೆ, ಮನೆಗೆ ಬಂದು ವಿಡಿಯೊ ತೋರಿಸಿದೆ. "ಕಣ್ಣುಗುಡ್ಡೆ ಹತ್ತಿರದಿಂದ ತೋರಿಸಿ" ಎಂದರು. ಗುಡ್ಡೆಗಳೆರಡೂ ಒಂದೇ ಕಡೆಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಒಳಕಿವಿಯಲ್ಲಿ ಮೈಯ ಸಮತೋಲ ಹಿಡಿಯುವ ಭಾಗ ಇದೆ, ಮುದಿ ನಾಯಿಗಳಿಗೆ ಅದು ಇದ್ದಕ್ಕಿದ್ದಂತೆ ಕೆಡುತ್ತದೆ, ಭೂಮಿಯೇ ತಿರುಗಿದಂತಾಗಿ ವಾಂತಿ, ಜೊಲ್ಲು ಬರುತ್ತದೆ, ಅಂಜಿಕೆಯಲ್ಲಿ ಹಿಡಿಯಲು ಹೋದವರನ್ನು ಕಡಿಯುತ್ತವೆ ಎಂದು ವಿವರಿಸಿದರು. ಬಹುತೇಕ ಎರಡು ಮೂರು ವಾರದಲ್ಲಿ ತಾನಾಗಿ ಸುಧಾರಿಸುತ್ತದಂತೆ. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ನನಗೆ ಹಾಗನ್ನಿಸುತ್ತದೆ, ಲಸಿಕೆಯೂ ಆಗಿದೆ. ಆದರೆ ಮನುಷ್ಯರನ್ನು ಕಡಿದಿದೆ. 10 ದಿನ ಕಟ್ಟಿ ನೋಡಿ. ಕಡಿದ ಹೊತ್ತಿಗೆ ಜೊಲ್ಲಿನಲ್ಲಿ ರೇಬೀಸ್ ಇದ್ದಿದ್ದರೆ ಅಷ್ಟು ದಿನ ಬದುಕಿ ಚೆನ್ನಾಗಿರುವುದಿಲ್ಲ."

ಕಟ್ಟೆಯಲ್ಲಿ ಹಿರಿಯರ ಮುಂದೆ ಲಸಿಕೆಯ ಕಾರ್ಡು ಇಟ್ಟೆ. ಆಶಾ ಕಾರ್ಯಕರ್ತೆ ತಾರೀಖು ಓದಿ ಹೇಳಿದಳು, ಅವಧಿ ಇನ್ನೂ ಮುಗಿದಿರಲಿಲ್ಲ. 2022ರಿಂದ ರಾಜ್ಯದಲ್ಲಿ ರೇಬೀಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ಹಾಗಾಗಿ ಅವಳೂ ಎಲ್ಲ ಬರೆದುಕೊಂಡಳು. ಒಬ್ಬರು ಕೇಳಿದರು: "ಕಾಗದ ನೋಡಿ ಹುಚ್ಚ ನಿಲ್ತದೇನೋ ತಮ್ಮಾ?" ಉತ್ತರ ಹೊಳೆಯಲಿಲ್ಲ. "ಹತ್ತು ದಿನ ಬಿಡ್ರಿ. ಅದು ಸತ್ತರ ನೀವು ಹೇಳಿದ್ದು ಖರೆ" ಎಂದಷ್ಟೇ ಹೇಳಿದೆ. ಡಾಕ್ಟರ ಮಾತಿಗೂ ಕಾರ್ಡಿಗೂ ಮಣಿಯದ ಕಟ್ಟೆ ಮಣಿದದ್ದು ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬನಿಗೆ. ಪ್ರತಿ ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗೆ ಹೋಗುವವನು ಅವನು. ಮಲ್ಲಯ್ಯನೆಂದೂ ಕರೆಯುವ ಮೈಲಾರಲಿಂಗನ ಒಕ್ಕಲಿನಲ್ಲಿ ಗೊರವರು ದೇವರ ಹೆಸರಲ್ಲಿ ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿ ಉಣ್ಣುತ್ತಾರೆ, ಅವರಿಗೆ ನಾಯಿ ಬರೀ ನಾಯಿಯಲ್ಲ. "ಮಲ್ಲಯ್ಯನ ನಾಯಿ. ಖಾತ್ರಿ ಆಗೂತನ ಕೈ ಎತ್ತಬ್ಯಾಡ್ರಿ" ಎಂದ. ಬಡಿಗೆಗಳು ಕೆಳಗಿಳಿದವು.

ಕೊಟ್ಟಿಗೆಯಲ್ಲಿ ಕಟ್ಟಿ ಬಾಗಿಲಿಗೆ ಬೀಗ ಹಾಕಿದೆ. ಒಳಗೆ ಹೋಗುವವನು ನಾನೊಬ್ಬನೇ, ಅದೂ ಕೈಗವಸು ಹಾಕಿಕೊಂಡು. ದನದ ಡಾಕ್ಟರು ಬಂದು ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟರು. ನೀರಿನ ಬೋಗುಣಿಗೆ ಬಾಯಿ ಇಡಲು ಹೋದರೆ ತಲೆ ವಾಲಿ ಮೂಗು ಮುಳುಗುತ್ತಿತ್ತು. ಅದಕ್ಕೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿಯನ್ನು ದವಡೆಯ ಪಕ್ಕದಿಂದ ಬಿಡುತ್ತಿದ್ದೆ. ಎಡಮಗ್ಗುಲಿಗೇ ಬಿದ್ದು ಹುಣ್ಣಾಗಬಾರದೆಂದು ರಾತ್ರಿ ಎದ್ದು ಹೊರಳಿಸಬೇಕಿತ್ತು. ಮೈಯೆಲ್ಲ ಉಚ್ಚೆ. ಮುದಿ ಜೀವದ ಚಾಕರಿಯಲ್ಲಿ ಪ್ರೀತಿಗಿಂತ ಹೆಚ್ಚಿಗೆ ಬೇಕಾಗುವುದು ಒಣಬಟ್ಟೆ.

ಜನ ಕಿಂಡಿಯಿಂದ ಇಣುಕುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: "ನೀರಿಗೆ ಅಂಜತದೇನು?" ಮೂರನೆಯ ದಿನ ತಾನಾಗಿ ನೀರು ನೆಕ್ಕಿದಳು. ಹೊರಗೆ ನಿಂತವರು ಹುಚ್ಚಿಲ್ಲ ಬಿಡ್ರಿ ಎಂದು ಹೊರಟರು. ಅವರನ್ನು ನಿಲ್ಲಿಸಿ ಹೇಳಬೇಕಾಯಿತು: ನೀರಿಗೆ ಅಂಜುವುದು ಹುಚ್ಚು ಹಿಡಿದ ಮನುಷ್ಯರು. ನಾಯಿಗೆ ಗಂಟಲು ಸೋತು ನುಂಗಲಾಗದಿರಬಹುದು, ಆದರೆ ಹುಚ್ಚು ನಾಯಿ ನೀರಿಗೆ ಬಾಯಿ ಇಟ್ಟೀತು, ಹಳ್ಳವನ್ನೂ ದಾಟೀತು. ಸುಮ್ಮನಿದ್ದರೆ ಅಂದೇ ನನಗೆ ಬಿಡುಗಡೆ. ಆದರೆ ನಾಳೆ ಇನ್ನಾವುದೋ ನಾಯಿ ನೀರು ಕುಡಿಯಿತೆಂದು ನಂಬಿ ಕಡಿಸಿಕೊಂಡವರು ಸೂಜಿ ಬಿಟ್ಟರೆ? ಅವ್ವ ಹಣೆ ಚಚ್ಚಿಕೊಂಡಳು: "ಹೋಗೋರ್ನ ಕರದು ಮತ್ತ ಅಂಜಸ್ತಿಯಲ್ಲೋ!"

ಹುಡುಗನ ಅಪ್ಪ ದಿನಾ ಸಂಜೆ ಬರುತ್ತಿದ್ದ. ಕೊಟ್ಟಿಗೆಯೆದುರು ಕಲ್ಲಿನ ಮೇಲೆ ಕೂತು ಬೀಡಿ ಮುಗಿಯುವ ತನಕ ನಾಯಿಯನ್ನು ನೋಡಿ ಎದ್ದುಹೋಗುತ್ತಿದ್ದ. ಅವನ ಕಾಲ ಬಳಿ ಬಡಿಗೆ ಇರುತ್ತಿತ್ತು. ಒಂದು ಸಂಜೆ ತಾನಾಗಿ ಬಾಯಿಬಿಟ್ಟ. ಚಿಕ್ಕವನಿದ್ದಾಗ ಅವನ ತಂಗಿಗೆ ನಾಯಿ ಕಡಿದಿತ್ತು. ಆಗೆಲ್ಲ ಕುರಿಯ ಮೆದುಳಿನಿಂದ ಮಾಡಿದ ಲಸಿಕೆ, ಹೊಟ್ಟೆಗೆ ಸಾಲು ಸಾಲು ಸೂಜಿ, 2005ರ ಹೊತ್ತಿಗಷ್ಟೇ ಅದು ದೇಶದಲ್ಲಿ ನಿಂತದ್ದು. ನಾಲ್ಕಾರು ಸೂಜಿಗೆ ಹೊಟ್ಟೆ ಬಾತು ಹುಡುಗಿ ಚೀರಿದಳೆಂದು ಮನೆಯವರು ಅರ್ಧಕ್ಕೇ ಬಿಟ್ಟರು. "ಕಡೀಕ ಗಾಳಿ ಬೀಸಿದ್ರೂ ಚೀರ್ತಿದ್ಲು. ನಮ್ಮಪ್ಪ ಬಾಗಿಲಾ ಹಾಕಿ ಹೊರಗ ಕುಂತಿದ್ದ." ಅಷ್ಟು ಹೇಳಿ ಬೀಡಿ ಆರಿಸಿದ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ ಎಂಬುದನ್ನು ಆಶ್ರಯಧಾಮದಲ್ಲಿ ಫಲಕ ಓದಿ ಕಲಿತವನು ನಾನು. ಅವನು ಮನೆಯಲ್ಲೇ ನೋಡಿದ್ದ. ಊರಿನವರಿಗೆ ತಿಳಿವಳಿಕೆ ಇಲ್ಲ ಎಂದು ಅಲ್ಲಿಯತನಕ ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಆ ಸಂಜೆಯ ನಂತರ ಬಡಿಗೆ ಕಂಡರೂ ಸಿಟ್ಟು ಬರಲಿಲ್ಲ.

ವಾರ ಕಳೆಯುವುದರೊಳಗೆ ಕಣ್ಣುಗುಡ್ಡೆಗಳ ಹೊಡೆತ ನಿಂತಿತು. ಗೋಡೆಗೆ ಮೈ ತಾಗಿಸಿಕೊಂಡು ನಡೆಯತೊಡಗಿದಳು. ಅವಧಿ ಮುಗಿದ ಬೆಳಿಗ್ಗೆ ಹಿರಿಯರನ್ನು ಕರೆದು ಬೀಗ ತೆಗೆದೆ. ಜೂಲಿ ಹೊರಗೆ ಬಂದು, ತಲೆ ಓರೆಯಾಗಿಯೇ ಇದ್ದರೂ, ಬಸವಣ್ಣನ ಗುಡಿಯ ದಾರಿಯವರೆಗೆ ಬೀಳದೆ ನಡೆದಳು. ಇನ್ನು ಬೇಕಿಲ್ಲವೆಂದು ಕೆಲವರು ಅಂದರೂ ಹುಡುಗನ ಅಪ್ಪ 28ನೆಯ ದಿನದ ಸೂಜಿಯನ್ನೂ ಬಿಡದೆ ಹಾಕಿಸಿದ. ಹುಡುಗ ಈಗ ನಮ್ಮಂಗಳಕ್ಕೆ ಬರುವುದಿಲ್ಲ. ಬರಬೇಡವೆಂದು ಮನೆಯಲ್ಲಿ ಹೇಳಿದ್ದಾರೆ. ದೂರದಿಂದ ಕೂಗಿ ಹೋಗುತ್ತಾನೆ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ನಾಯಿಗಳಿಗೆ ಪುಕ್ಕಟೆ ಲಸಿಕೆ ಹಾಕುತ್ತಾರೆಂದು ಡಂಗುರ ಆಯಿತು. ನಾನು ಜೂಲಿಯನ್ನು ಕರೆದುಕೊಂಡು ಹೋದಾಗ ಹುಡುಗನ ಅಪ್ಪ ನನಗಿಂತ ಮುಂದೆ ನಿಂತಿದ್ದ, ತನ್ನ ಎರಡು ಕುರಿನಾಯಿಗಳಿಗೆ ದನದ ಹಗ್ಗ ಕಟ್ಟಿ ಎಳೆದು ತಂದಿದ್ದ. ನನ್ನ ಕಡೆ ನೋಡಲಿಲ್ಲ. ಸೂಜಿ ಆದ ಮೇಲೆ ಕಾರ್ಡು ಇಸಿದುಕೊಂಡು ಡಾಕ್ಟರನ್ನು ಕೇಳಿದ: "ಇದು ಎಂದಿನತನಕ ನಡೀತದ್ರಿ ಸಾಹೇಬ್ರ? ತಾರೀಖ ದೊಡ್ಡದಾಗಿ ಬರೀರಿ, ನನಗ ಸಣ್ಣ ಅಕ್ಷರ ಕಾಣಂಗಿಲ್ಲ."