ಕೆಲಸ ಮಾಡುವವಳ ಕೈಯಲ್ಲೇ ತೀರ್ಮಾನವಿರಲಿ

ಸಹೋದರಿಯರೇ, ಒಂದು ಪ್ರಶ್ನೆ ಕೇಳುತ್ತೇನೆ. ರೋಗಿಯ ಗಾಯದ ಸ್ಥಿತಿ ಹೆಚ್ಚು ಗೊತ್ತಿರುವುದು ಯಾರಿಗೆ? ದಿನಾ ಅದನ್ನು ತೊಳೆದು ಕಟ್ಟುವ ದಾದಿಗೋ, ದೂರದ ಕಚೇರಿಯಲ್ಲಿ ಗಡಿಯಾರ ನೋಡುತ್ತಾ ಕುಳಿತವರಿಗೋ? ಉತ್ತರ ಮಕ್ಕಳೂ ಹೇಳಿಯಾರು. ಆದರೆ ಎಷ್ಟೋ ಸಂಸ್ಥೆಗಳಲ್ಲಿ ತೀರ್ಮಾನದ ಅಧಿಕಾರ ಇರುವುದು ಗಡಿಯಾರ ನೋಡುವವರ ಬಳಿಯೇ.

ನೆದರ್‌ಲ್ಯಾಂಡ್ಸ್‌ನ ದಾದಿಯರ ಅನುಭವವನ್ನೇ ನೋಡಿ. ಮನೆಮನೆಗೆ ಹೋಗಿ ವೃದ್ಧರ, ರೋಗಿಗಳ ಶುಶ್ರೂಷೆ ಮಾಡುವ ಪದ್ಧತಿ ಅಲ್ಲಿ ಹಳೆಯದು. 1990ರ ದಶಕದಲ್ಲಿ ಸಣ್ಣಪುಟ್ಟ ಶುಶ್ರೂಷಾ ಸಂಸ್ಥೆಗಳು ವಿಲೀನಗೊಂಡು ದೊಡ್ಡವಾದವು. ಚುಚ್ಚುಮದ್ದಿಗೆ ಇಷ್ಟು ನಿಮಿಷ, ಸ್ನಾನಕ್ಕೆ ಇಷ್ಟು ನಿಮಿಷ ಎಂಬ ಲೆಕ್ಕ ಶುರುವಾಯಿತು. ಸ್ನಾನ ಮಾಡಿಸಲು ಒಬ್ಬಳು, ಗಾಯ ಕಟ್ಟಲು ಇನ್ನೊಬ್ಬಳು. ರೋಗಿಯ ಮುಂದೆ ಮತ್ತೆ ಮತ್ತೆ ಹೊಸ ಮುಖ! ಕಂಪ್ಯೂಟರ್ ಆಗಲೂ ಇತ್ತು. ಆದರೆ ಅದು ದಾದಿಗೆ ನೆರವಾಗುವುದಕ್ಕಿಂತ ಅವಳ ನಿಮಿಷ ಎಣಿಸುವುದೇ ಹೆಚ್ಚಾಗಿತ್ತು.

ಸ್ವತಃ ದಾದಿಯ ವೃತ್ತಿ ಮಾಡಿ, ಬಳಿಕ ಅಧಿಕಾರಿಯೂ ಆಗಿದ್ದ ಯೋಸ್ ಡಿ ಬ್ಲಾಕ್ ಎಂಬವರು ಇದರಿಂದ ಬೇಸತ್ತು 2006ರಲ್ಲಿ 'ಬ್ಯೂರ್ಟ್‌ಜೋರ್ಗ್' ಸಂಸ್ಥೆ ಸ್ಥಾಪಿಸಿದರು. ಆ ಪದದ ಅರ್ಥ ನೆರೆಹೊರೆಯ ಆರೈಕೆ. ಅಲ್ಮೆಲೊ ಪಟ್ಟಣದಲ್ಲಿ ನಾಲ್ವರ ತಂಡದಿಂದ ಕೆಲಸ ಆರಂಭವಾಯಿತು. ಒಂದು ತಂಡದಲ್ಲಿ ಹೆಚ್ಚೆಂದರೆ 12 ಮಂದಿ. ಮೇಲಧಿಕಾರಿ ಇಲ್ಲ. ಯಾರ ಮನೆಗೆ ಯಾರು ಹೋಗಬೇಕು, ಹೊಸಬರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು, ಎಲ್ಲವೂ ತಂಡದ್ದೇ ತೀರ್ಮಾನ. ಮನಸ್ತಾಪ ಬಂದರೆ ಸಲಹೆಗಾರರು ಬರುತ್ತಾರೆ. ಆದರೆ ಅವರಿಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಸುಮಾರು 10 ವರ್ಷಗಳಲ್ಲಿ ಸಿಬ್ಬಂದಿ 10,000ದ ಹತ್ತಿರ ಬಂದರು. ಮುಖ್ಯ ಕಚೇರಿಯಲ್ಲಿದ್ದವರು ಸುಮಾರು 50 ಮಂದಿ!

ಇದು ಹೇಗೆ ಸಾಧ್ಯವಾಯಿತು? ದಾದಿಯರಿಗಾಗಿಯೇ ರೂಪಿಸಿದ ಒಂದು ಸಾಫ್ಟ್‌ವೇರ್ ಇದರ ಬೆನ್ನೆಲುಬು. ರೋಗಿಯ ಸ್ಥಿತಿಯನ್ನು ಒಬ್ಬಳು ಅದರಲ್ಲಿ ದಾಖಲಿಸಿದರೆ ತಂಡದ ಇತರರು ಓದುತ್ತಾರೆ. ಬಿಲ್ಲು, ಸಂಬಳದ ಕೆಲಸ ಮುಖ್ಯ ಕಚೇರಿಗೆ. ಅಪರೂಪದ ಕಾಯಿಲೆ ಎದುರಾದರೆ ಪ್ರಶ್ನೆ ಹಾಕಬಹುದು, ಬೇರೆ ಊರಿನ ದಾದಿ ಉತ್ತರಿಸುತ್ತಾಳೆ. ತಮ್ಮ ತಂಡದ ಕೆಲಸದ ಲೆಕ್ಕ ಹೇಗಿದೆ, ಬೇರೆ ತಂಡಗಳದ್ದು ಹೇಗಿದೆ ಎಂದು ಅವರೇ ನೋಡಿ ತಿದ್ದಿಕೊಳ್ಳುತ್ತಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಉಮ್ಮನ ತಲೆದಿಂಬಿನ ಬಳಿ ಇದ್ದ ನೋಟ್ ಪುಸ್ತಕ. ಅವರು ಹಾಸಿಗೆ ಹಿಡಿದಿದ್ದಾಗ ನಾವು ಅಕ್ಕತಂಗಿಯರು ಸರದಿಯಂತೆ ನೋಡಿಕೊಳ್ಳುತ್ತಿದ್ದೆವು. ಎಷ್ಟು ಗಂಜಿ ಕುಡಿದರು, ಶುಗರ್ ಎಷ್ಟಿತ್ತು, ಯಾವ ಮಾತ್ರೆ ಕೊಟ್ಟಾಯಿತು, ಎಲ್ಲವನ್ನೂ ಬರೆದಿಡುತ್ತಿದ್ದೆವು. ಅದು ನಮ್ಮ ತಪ್ಪು ಹುಡುಕುವ ಪುಸ್ತಕವಾಗಿರಲಿಲ್ಲ. ಮುಂದೆ ಬರುವವಳಿಗೆ ದಾರಿ ತೋರಿಸುವ ಪುಸ್ತಕವಾಗಿತ್ತು. ಆದ್ದರಿಂದಲೇ ಯಾರೂ ಅದರಲ್ಲಿ ಸುಳ್ಳು ಬರೆಯಲಿಲ್ಲ.

ತಂತ್ರಜ್ಞಾನದ ಗುಟ್ಟು ಇಷ್ಟೇ. ಮಾಹಿತಿ ಮೇಲಿನವರಿಗೆ ಮಾತ್ರ ಹೋದರೆ ಅದು ಕಾವಲು. ಜೊತೆಗಾರರಿಗೂ ಸಿಕ್ಕಿದರೆ ಅದು ಬಲ.

ಹಾಗೆಂದು ಯಂತ್ರ ತಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಸಭೆಯಲ್ಲಿ ಮುಕ್ತವಾಗಿ ಮಾತಾಡಲು, ಭಿನ್ನಾಭಿಪ್ರಾಯ ಸಹಿಸಲು, ಒಟ್ಟಾಗಿ ಹೊಣೆ ಹೊರಲು ಕಲಿಯಲೇಬೇಕು. ಮೇಲಧಿಕಾರಿ ಇಲ್ಲವೆಂದರೆ ದೂರಲೂ ಯಾರೂ ಇರುವುದಿಲ್ಲವಲ್ಲ!

ಈಗ ನಮ್ಮ ಕಡೆ ನೋಡೋಣ. ನಮ್ಮಲ್ಲಿ ಅನೇಕರು ಸ್ವಸಹಾಯ ಸಂಘದಲ್ಲೋ, ಹೊಲಿಗೆ ಘಟಕದಲ್ಲೋ, ಶಾಲೆಯಲ್ಲೋ ದುಡಿಯುವವರು. ಎಲ್ಲರ ಕೈಯಲ್ಲೂ ಮೊಬೈಲ್, ಸಂಘಕ್ಕೊಂದು ವಾಟ್ಸ್ಆ್ಯಪ್ ಗುಂಪು. ಆದರೆ ಉಳಿತಾಯದ, ಸಾಲದ ಲೆಕ್ಕ ಎಲ್ಲ ಸದಸ್ಯೆಯರಿಗೂ ಕಾಣುತ್ತದೆಯೇ? ಇಲ್ಲ, ಅಧ್ಯಕ್ಷೆಯ ಆದೇಶ ಮಾತ್ರ ಬರುತ್ತದೆಯೇ? ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ನೀವೇ ಎತ್ತಿ ನೋಡಿ.