ದರ ಹೇಳುವ ಕೆಲಸ

ನಮ್ಮ ಕಡೆ ಕೆಲಸಕ್ಕೆ ದರ ಕೇಳಿದರೆ ‘ನೀವೇ ನೋಡಿ ಕೊಡ್ರಿ’ ಅನ್ನುವುದು ಮರ್ಯಾದೆಯ ಮಾತು. ಪೂಜೆ ಮಾಡಿಸಿದ ಭಟ್ಟರು, ತೆಂಗಿನಕಾಯಿ ಇಳಿಸಿದವನು, ಕೆಟ್ಟ ಫ್ಯಾನು ಸರಿ ಮಾಡಿದವನು ಎಲ್ಲರೂ ಹಾಗೇ ಹೇಳುತ್ತಾರೆ. ಈ ಮಾತು ನಡೆಯುವುದು ಕೊಡುವವನಿಗೂ ತಗೊಳ್ಳುವವನಿಗೂ ದರ ಮೊದಲೇ ಗೊತ್ತಿರುವ ಕಡೆ. ಫ್ಯಾನಿಗೆ ಕಂಡೆನ್ಸರ್ ಹಾಕಿದರೆ ಎಷ್ಟಾಗುತ್ತದೆ ಅನ್ನುವುದು ಇಡೀ ಓಣಿಗೆ ಗೊತ್ತು. ವೆಬ್‌ಸೈಟಿಗೆ ಅಂಥ ಓಣಿಯ ದರ ಇಲ್ಲ. ಐದು ಸಾವಿರಕ್ಕೂ ಮಾಡಿಕೊಡುತ್ತಾರೆ, ಐದು ಲಕ್ಷಕ್ಕೂ ಮಾಡಿಕೊಡುತ್ತಾರೆ; ಎರಡಕ್ಕೂ ಹೆಸರು ವೆಬ್‌ಸೈಟ್ ಅಂತಲೇ. ಇಂಥ ಕಡೆ ‘ನೋಡಿ ಕೊಡ್ರಿ’ ಅಂದರೆ ಎದುರಿನವರು ನೋಡುವುದು ತಮ್ಮ ಜೇಬನ್ನಲ್ಲ, ನಮ್ಮ ವಯಸ್ಸನ್ನು.

ನಾನು ಧಾರವಾಡದಲ್ಲಿ ಕೂತು ವೆಬ್‌ಸೈಟ್ ಮಾಡುವವನು. ಕಂಪನಿ ಇಲ್ಲ, ಬೋರ್ಡ್ ಇಲ್ಲ. ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಕರೆಂಟ್ ಹೋದರೆ ಒಂದು ಗಂಟೆ ತಡೆಯುವ ಯುಪಿಎಸ್. ಡಿಗ್ರಿ ಮುಗಿದ ಮೇಲೆ ಗೆಳೆಯರು ಬೆಂಗಳೂರಿನ ಬಸ್ಸು ಹತ್ತಿದರು. ಮನೆಯ ಕಾರಣಕ್ಕೆ ನಾನು ಇಲ್ಲೇ ಉಳಿದೆ. ಮೊದಲ ಎರಡು ವರ್ಷ ಆರು ಪುಟದ ಸೈಟಿಗೆ 8,000 ರೂಪಾಯಿ ತಗೊಳ್ಳುತ್ತಿದ್ದೆ. ಕೋಚಿಂಗ್ ಕ್ಲಾಸಿನವರು, ಫರ್ನಿಚರ್ ಅಂಗಡಿಯವರು, ಹಲ್ಲಿನ ಡಾಕ್ಟರು ನನ್ನ ಗಿರಾಕಿಗಳು. ವಾಟ್ಸಾಪಿನಲ್ಲಿ ಬಂದ ಫೋಟೋ ಹೆಕ್ಕಿ, ಅವರು ಹೇಳಿದ್ದನ್ನು ಬರೆದು, ‘ಇದೊಂದು ಸಣ್ಣದು ನೋಡ್ರಿ’ ಅನ್ನುವ ಹತ್ತು ಸಣ್ಣವನ್ನು ಮುಗಿಸುವಾಗ ಒಂದು ಸೈಟಿಗೆ 60 ಗಂಟೆ ಹಿಡಿಯುತ್ತಿತ್ತು. ಭಾಗಿಸಿದರೆ ಗಂಟೆಗೆ 133 ರೂಪಾಯಿ.

ಕಲಿಯುವ ಕಾಲಕ್ಕೆ ಅದು ಕೆಟ್ಟ ಸಂಬಳವೇನಲ್ಲ. ತೊಡಕು ಬೇರೆ ಕಡೆ ಇತ್ತು. ತಿಂಗಳಿಗೆ ಮೂರು ಸೈಟು ಮಾಡಬಹುದು, ಆರು ಮಾಡಲಾಗದು. ನಿದ್ದೆ ಕೆಟ್ಟರೂ 24,000ಕ್ಕೇ ಗೋಡೆ. ತಂಗಿಯ ನರ್ಸಿಂಗ್ ಕಾಲೇಜಿನ ಫೀ ಕಟ್ಟುವ ದಿನ ಬಂದಾಗ ಆ ಗೋಡೆ ಕಣ್ಣಿಗೆ ಕಾಣುತ್ತಿತ್ತು. ಹೆಚ್ಚು ದುಡಿಯುವುದರಿಂದ ಅದು ಸರಿಯುವಂಥದ್ದಲ್ಲ. ಕೇಳುವವರು ಬದಲಾಗಬೇಕು, ಇಲ್ಲವೇ ಅವರೊಡನೆ ಆಡುವ ಮಾತು ಬದಲಾಗಬೇಕು.

ಮಾತು ಮೊದಲು ಬದಲಾಯಿತು. ಕೊಪ್ಪದ ಹತ್ತಿರ ಅಡಿಕೆ ತೋಟದ ನಡುವೆ ಹೋಂಸ್ಟೇ ನಡೆಸುವವರೊಬ್ಬರು ಗೆಳೆಯನಿಂದ ನಂಬರ್ ತಗೊಂಡು ಫೋನ್ ಮಾಡಿದರು. ‘ಒಂದು ವೆಬ್‌ಸೈಟಿಗೆ ಎಷ್ಟಾಗುತ್ತೆ ಮಾರಾಯ್ರೆ?’ ದರದ ಬದಲು ನಾನು ಪ್ರಶ್ನೆ ಕೇಳಿದೆ. ನಿಮ್ಮಲ್ಲಿಗೆ ಜನ ಹೇಗೆ ಬರುತ್ತಾರೆ? ಬುಕಿಂಗ್ ಪೋರ್ಟಲ್ ಮೂಲಕ. ಕೋಣೆಗೆ ಎಷ್ಟು? 3,000. ಅದರಲ್ಲಿ ಪೋರ್ಟಲ್‌ಗೆ? 540. ವರ್ಷಕ್ಕೆ ಎಷ್ಟು ಕೋಣೆ ಹೋಗುತ್ತವೆ? ಅವರು ಪುಸ್ತಕ ತೆರೆದು ನೋಡಿ, ಆರು ಕೋಣೆಯ ಲೆಕ್ಕ ಕೂಡಿಸಿ, 650ರ ಆಸುಪಾಸು ಎಂದರು. ಗುಣಿಸಿದರೆ ಮೂರೂವರೆ ಲಕ್ಷ. ಆ ಮೊತ್ತವನ್ನು ಅವರು ಒಟ್ಟಿಗೆ ಯಾವತ್ತೂ ಕಂಡಿರಲಿಲ್ಲ. ಬಿಡಿಬಿಡಿಯಾಗಿ ಕಡಿತವಾಗುತ್ತಿದ್ದುದರಿಂದ ನೋವು ತಿಳಿದಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ. ಬರುವವರಲ್ಲಿ ಹಳಬರೆಷ್ಟು? ‘ಮೂರರಲ್ಲಿ ಒಬ್ಬರು ಹಳೇ ಗೆಸ್ಟೇ. ಅವ್ರೂ ಅಲ್ಲಿಂದ್ಲೇ ಬುಕ್ ಮಾಡಿ ಬರ್ತಾರೆ.’

ಅಲ್ಲಿಗೆ ಆ ವೆಬ್‌ಸೈಟಿನ ಕೆಲಸ ಏನು ಅನ್ನುವುದು ಇಬ್ಬರಿಗೂ ಸ್ಪಷ್ಟವಾಯಿತು. ಚೆಂದ ಕಾಣುವುದು ಆಮೇಲಿನ ಮಾತು. ಹಳೆಯ ಅತಿಥಿ ಎರಡನೇ ಸಲ ನೇರವಾಗಿ ಇವರ ಬಾಗಿಲಿಗೇ ಬರಬೇಕು. 75,000 ಎಂದೆ. ಫೋನಿನ ಆ ಕಡೆ ಹೆಂಚಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. ‘ಸ್ವಲ್ಪ ಕಮ್ಮಿ ಆಗೋದಿಲ್ವಾ?’ ಎಂದರು. ‘ಆಗುತ್ತೆ ಸಾರ್, ಕೆಲಸವನ್ನೂ ಅಷ್ಟು ಕಮ್ಮಿ ಮಾಡೋಣ. ಆನ್‌ಲೈನ್ ಪೇಮೆಂಟ್ ಬಿಟ್ಟು ವಾಟ್ಸಾಪಿನಲ್ಲೇ ಬುಕಿಂಗ್ ಇಟ್ಟರೆ 55,000’ ಎಂದೆ. ಅವರು ಅದನ್ನು ಒಪ್ಪಿದರು. ಮುಂದಿನ ವರ್ಷ ಉಳಿದ 20,000 ಕೊಟ್ಟು ಪೇಮೆಂಟ್ ಕೂಡ ಹಾಕಿಸಿಕೊಂಡರು. ಕೆಲಸ ಅಷ್ಟೇ ಇಟ್ಟು ದರ ಇಳಿಸಿದ್ದರೆ, ಮೊದಲು ಹೇಳಿದ ದರ ಸುಳ್ಳು ಎಂದು ನಾನೇ ಹೇಳಿದ ಹಾಗಾಗುತ್ತಿತ್ತು.

ಆ ಕೆಲಸದಲ್ಲಿ ಯಾರೂ ಗಮನಿಸದ ಭಾಗವೊಂದಿದೆ. ಅವರು ಕಳಿಸಿದ ಇಪ್ಪತ್ತು ಫೋಟೋ ತಲಾ 6 ಎಂಬಿ ಇದ್ದವು. ಹಾಗೇ ಹಾಕಿದರೆ ಪುಟ 120 ಎಂಬಿ. ವೆಬ್‌ಪಿ ರೂಪಕ್ಕೆ ಬದಲಿಸಿ, ಫೋನಿನ ಅಳತೆಗೆ ಇಳಿಸಿ ಒಂದೊಂದನ್ನೂ 150 ಕೆಬಿ ಒಳಗೆ ತಂದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಘಟ್ಟದ ತಿರುವಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಹಿಡಿದು ದಾರಿ ಹುಡುಕುವವರಿಗೆ ಈ ಅಳತೆಯ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ.

ಕೇಳುವವರು ಬದಲಾದದ್ದು ಕನ್ನಡದಿಂದ. ಹಳೆಯ ಪ್ರಕಾಶನ ಸಂಸ್ಥೆಯೊಂದರ ಸೈಟನ್ನು ಓದುಗನಾಗಿ ನೋಡುತ್ತಿದ್ದೆ. ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲಿ ಕೂತಿತ್ತು. ರೋಮನ್ ಲಿಪಿಗೆಂದು ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ಅಂತರ ಬಿಗಿಯಾಗಿರುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಇಂಥ ಪದಗಳಲ್ಲಿ ಕನ್ನಡ ಅಕ್ಷರ ಕೆಳಕ್ಕೆ ಬೆಳೆಯುತ್ತದೆ. ಅದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಹುಡುಕಾಟದ್ದು. ಹಳೆಯ ಪುಸ್ತಕಗಳ ವಿವರವೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿತ್ತು. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಲೇಖಕರ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಒಂದೂ ಪುಸ್ತಕ ಸಿಗುತ್ತಿರಲಿಲ್ಲ.

ಪುಟಗಳನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಅವರ ಕಚೇರಿಗೆ ಒಯ್ದು ತೋರಿಸಿದೆ. ಕರಡು ತಿದ್ದುವುದರಲ್ಲೇ ಆಯುಷ್ಯ ಕಳೆದ ಹಿರಿಯರೊಬ್ಬರು ಅಲ್ಲಿದ್ದರು. ಕನ್ನಡಕ ಏರಿಸಿ ನೋಡಿ, ‘ಅಚ್ಚಿನಾಗ ಹಿಂಗ ಬಂದಿದ್ರ ನಾವು ಬಿಡ್ತಿದ್ದಿಲ್ಲಲ್ಲ’ ಎಂದರು. ದರದ ಮಾತು ಅಲ್ಲಿಗೇ ಮುಕ್ಕಾಲು ಮುಗಿದಿತ್ತು. 1,400 ಪುಸ್ತಕಗಳ ವಿವರ ಯೂನಿಕೋಡಿಗೆ ತರುವುದು, ಪರಿವರ್ತಕ ತಪ್ಪಿದ ಕಡೆ ಕೈಯಿಂದ ತಿದ್ದುವುದು, ಫಾಂಟ್ ಹೊಂದಿಸುವುದು, ‘ಈ ಪುಟ ಕನ್ನಡದ್ದು’ ಎಂದು ಕೋಡಿನಲ್ಲಿ ಗುರುತು ಹಾಕುವುದು. ಆ ಗುರುತಿದ್ದರೆ ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶ ಕನ್ನಡದ ದನಿ ಹಿಡಿಯಬಲ್ಲದು. ಎಲ್ಲಾ ಸೇರಿ 1,40,000 ಎಂದೆ. ಅವರು ಬೇರೆ ಇಬ್ಬರ ಕೊಟೇಶನ್ ಕೂಡ ತರಿಸಿದರು. ಒಂದು 30,000 ಇತ್ತು. ಅದರಲ್ಲಿ ಒತ್ತಕ್ಷರದ ಮಾತೂ ಇರಲಿಲ್ಲ, ಹುಡುಕಾಟದ ಮಾತೂ ಇರಲಿಲ್ಲ. ಕೆಲಸ ನನಗೆ ಬಂತು. ಎಲ್ಲರೂ ಮಾಡುವುದನ್ನು ನಾನೂ ಮಾಡುತ್ತೇನೆ ಅಂದಾಗ ಹೋಲಿಸಲು ದರವೊಂದೇ ಉಳಿಯುತ್ತದೆ. ನಮಗೆ ಮಾತ್ರ ಕಾಣುವ ತೊಂದರೆಯೊಂದನ್ನು ತೋರಿಸಿದಾಗ ಹೋಲಿಕೆಯ ದಾರಿಯೇ ಬೇರೆಯಾಗುತ್ತದೆ. ನನಗೆ ಅದನ್ನು ಕಲಿಸಿದ್ದು ಕಂಪ್ಯೂಟರಲ್ಲ. ಸಣ್ಣವನಿದ್ದಾಗಿನಿಂದ ಓದಿದ ಕನ್ನಡ ಪುಸ್ತಕಗಳು.

ದೊಡ್ಡ ಮೊತ್ತ ಹೇಳುವುದು ಒಂದು, ಅದು ಕೈಗೆ ಬರುವುದು ಇನ್ನೊಂದು. ಈಗ ಪ್ರತಿ ಕೆಲಸಕ್ಕೂ ಎರಡು ಪುಟದ ಕರಾರು ಬರೆಯುತ್ತೇನೆ. ಏನು ಸೇರಿದೆ, ಏನು ಸೇರಿಲ್ಲ, ತಿದ್ದುಪಡಿ ಎಷ್ಟು ಸಲ, ಮುಂಗಡ ಅರ್ಧ. ಕಂಪನಿಗಳು ಶೇ. 10ರಷ್ಟು ಟಿಡಿಎಸ್ ಹಿಡಿದು ಕೊಡುವುದುಂಟು. ಆ ಹಣ ರಿಟರ್ನ್ ಸಲ್ಲಿಸಿದಾಗ ಲೆಕ್ಕಕ್ಕೆ ಬರುತ್ತದೆ. ಕಾಲೇಜು ಮುಗಿಸಿ ಈ ಕಸುಬಿಗೆ ಇಳಿಯುವವರು ಉದ್ಯಮ್ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಿಗೆ ಕೊಡಬೇಕಾದ ಹಣವನ್ನು 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ನಾಲ್ಕು ತಿಂಗಳು ‘ಅಕೌಂಟ್ಸ್‌ನವರಿಗೆ ಹೇಳೀನಿ’ ಅನ್ನುತ್ತಿದ್ದ ಕಂಪನಿಯೊಂದಕ್ಕೆ ಈ ಕಾಯ್ದೆಯ ಹೆಸರು ಬರೆದು ವಿನಯದ ಪತ್ರವೊಂದನ್ನು ಕಳಿಸಿದೆ. ಹನ್ನೊಂದನೇ ದಿನ ಹಣ ಬಂತು.

ದರ ಏರಿದಾಗ ಬಿಟ್ಟುಹೋಗುವವರೂ ಇರುತ್ತಾರೆ. ನನಗೆ ಹೆಚ್ಚು ಕಾಡಿದ್ದು ಅದು. ನಾನು ಊಟ ಮಾಡುವ ಖಾನಾವಳಿಯ ಅಕ್ಕಾರು ಒಂದು ದಿನ ಜುಣಕ ಬಡಿಸುತ್ತ ‘ತಮ್ಮಾ, ನಮಗೂ ಒಂದು ವೆಬ್‌ಸೈಟ್ ಮಾಡಿಕೊಡಪಾ. ನಿಂದು ಭಾಳ ರೇಟ್ ಅಂತಲ್ಲ?’ ಎಂದರು. ಅವರಿಗೆ ಬರುವವರೆಲ್ಲ ಎರಡು ಕಿಲೋಮೀಟರಿನೊಳಗಿನ ಹುಡುಗರು, ಕಚೇರಿಯವರು. ‘ನಿಮಗ ವೆಬ್‌ಸೈಟ್ ಬ್ಯಾಡ್ರಿ ಅಕ್ಕಾರ’ ಎಂದೆ. ಅಲ್ಲೇ ಕೂತು ಗೂಗಲ್ ಮ್ಯಾಪಿನಲ್ಲಿ ಖಾನಾವಳಿಯ ಹೆಸರು, ಸಮಯ, ಫೋನ್ ನಂಬರ್, ರೊಟ್ಟಿ ಎಣಗಾಯಿಯ ನಾಲ್ಕು ಫೋಟೋ ಹಾಕಿಕೊಟ್ಟೆ. ನಲವತ್ತು ನಿಮಿಷದ ಕೆಲಸ, ಗೂಗಲ್‌ಗೆ ಕೊಡುವುದೇನೂ ಇಲ್ಲ. ಅಕ್ಕಾರು 500 ರೂಪಾಯಿ ಮುಂದಿಟ್ಟರು. ಬೇಡ ಎಂದರೆ ಬಿಡಲಿಲ್ಲ. ‘ತಗೋ. ನಾ ಏನು ರೊಟ್ಟಿ ಪುಕ್ಕಟೆ ಕೊಡ್ತೀನೇನು?’

ತಿಂಗಳಿಗೆ ಮೂರು ಸೈಟು ಮುಗಿಸಲೇಬೇಕಿದ್ದ ದಿನಗಳಲ್ಲಿ ‘ನಿಮಗ ಬ್ಯಾಡ್ರಿ’ ಅನ್ನುವುದು ನನ್ನ ಕೈಲಾಗುವ ಮಾತಾಗಿರಲಿಲ್ಲ. ಅವರ ಎಂಟು ಸಾವಿರ ನನ್ನ ತಿಂಗಳ ಮೂರನೇ ಒಂದು ಪಾಲು. ಹೆಚ್ಚು ಕೊಡುವ ಗಿರಾಕಿಗಳಿಂದ ನನಗೆ ಸಿಕ್ಕಿದ್ದು ತಂಗಿಯ ಫೀ ಅಷ್ಟೇ ಅಲ್ಲ, ಕಡಿಮೆ ಇದ್ದವರಿಗೆ ನಿಜ ಹೇಳುವ ಸೌಕರ್ಯವೂ ಸಿಕ್ಕಿತು.

ನಿಜವಾಗಿ ಸೈಟು ಬೇಕಿರುವ ಸಣ್ಣ ಗಿರಾಕಿಗಳನ್ನು ಈಗ ಕಲಘಟಗಿ ಕಡೆಯ ಹುಡುಗನೊಬ್ಬನಿಗೆ ಕಳಿಸುತ್ತೇನೆ. ಬಿಸಿಎ ಕೊನೇ ವರ್ಷ, ಕೈ ಚುರುಕು. ನನ್ನ ಕರಾರಿನ ಪ್ರತಿಯನ್ನೂ ಅವನಿಗೆ ಕೊಟ್ಟಿದ್ದೇನೆ. ಮೊನ್ನೆ ಕೃಷಿ ಯಂತ್ರ ಬಾಡಿಗೆ ಕೊಡುವವರೊಬ್ಬರು ಕರೆದಾಗ ನನಗೆ ಫೋನ್ ಮಾಡಿ ‘ಅಣ್ಣಾ, ಎಷ್ಟು ಹೇಳ್ಲಿ?’ ಎಂದ. ‘ಮೊದಲು ಅವರ ಟ್ರ್ಯಾಕ್ಟರ್ ತಿಂಗಳಿಗೆ ಎಷ್ಟು ದಿನ ಸುಮ್ಮನ ನಿಂತಿರ್ತದ ಕೇಳು’ ಎಂದೆ. ಒಂದು ಗಂಟೆ ಬಿಟ್ಟು ಫೋನ್ ಮಾಡಿದ. ‘ಹನ್ನೆರಡು ದಿನ ಅಣ್ಣಾ’ ಅನ್ನುವಾಗ ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ.