ನೂರು ವಾಟ್ ಯಾಕೆ ಬೇಡ

ನಮ್ಮನೆ ಚಿಕ್ಕಮಗಳೂರಲ್ಲಿ. ಆ ಡಿಸೆಂಬರ್‌ನಲ್ಲಿ ರಾತ್ರಿ ಹಾಲ್ ಒಳಗೇ 19 ಡಿಗ್ರಿ. ನಮಗೆ ಕಂಬಳಿ ಇತ್ತು, ತಂಗಿಯ ಫೈಟರ್ ಮೀನಿಗೆ ಏನಿತ್ತು? ಥಾಯ್ಲೆಂಡ್ ಕಡೆಯ ಬೆಚ್ಚಗಿನ ನೀರಿನ ಜಾತಿ ಅದು. 25ರಿಂದ 28 ಡಿಗ್ರಿ ಇದ್ದರೆ ಆರಾಮ. ಚಳಿಗೆ ತಳದಲ್ಲೇ ಬಿದ್ದಿರುತ್ತಿತ್ತು, ಕಾಳು ಹಾಕಿದರೂ ಮೇಲೆ ಬರ್ತಿರಲಿಲ್ಲ. (ಗೋಲ್ಡ್ ಫಿಶ್ ಆಗಿದ್ದರೆ ಈ ತಲೆನೋವೇ ಇರಲಿಲ್ಲ, ಅದಕ್ಕೆ ತಣ್ಣೀರೇ ಸಾಕು.)

"ಅಣ್ಣ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಒಂದು ಹೀಟರ್ ತಂದ್ಕೊಡು" ಅಂದಳು. ರಜೆಗೆ ಊರಿಗೆ ಹೋಗಿದ್ದೆ. ಟ್ಯಾಂಕ್ 20 ಲೀಟರಿಂದು. ಅಂಗಡಿಯವರು 50 ವಾಟ್, 100 ವಾಟ್ ಎರಡೂ ತೋರಿಸಿದರು. ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. "ದೊಡ್ಡದೇ ತಗೊಳ್ಳಿ, ಬೇಗ ಬಿಸಿಯಾಗುತ್ತೆ, ಆಮೇಲೆ ಅದೇ ಆಫ್ ಆಗುತ್ತೆ" ಅಂದರು. ನನಗೂ ಸರಿ ಅನ್ನಿಸ್ತು. 26ಕ್ಕೆ ಸೆಟ್ ಮಾಡಿ, ಅದು ಹೇಗೆ ಕೆಲಸ ಮಾಡುತ್ತೆ ಅಂತ ತಂಗಿಗೆ ಅರ್ಧ ಗಂಟೆ ಭಾಷಣ ಬೇರೆ ಮಾಡಿದೆ.

ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಆರಕ್ಕೆ ಅಮ್ಮ ಎಬ್ಬಿಸಿದರು. ಥರ್ಮಾಮೀಟರ್ 40 ದಾಟಿತ್ತು. ತಂಗಿ ನೀರಿಗೆ ಬೆರಳಿಟ್ಟು ತೆಗೆದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ಹೀಟರ್ ಬಿಚ್ಚಿ ನೋಡಿದೆ. ಒಳಗೆ ಬೈಮೆಟಲ್ ಪಟ್ಟಿ. ನೀರು ಬಿಸಿಯಾದರೆ ಬಾಗಿ ಕರೆಂಟ್ ಕಟ್ ಮಾಡಬೇಕು. ಪ್ರತಿ ಸಲ ಆನ್-ಆಫ್ ಆಗುವಾಗ ಹಾರುವ ಸಣ್ಣ ಕಿಡಿಗೆ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡುಬಿಟ್ಟಿತ್ತು.

ಲೆಕ್ಕ ಆಮೇಲೆ ಮಾಡಿದೆ. ಮೊದಲೇ ಮಾಡಬಹುದಿತ್ತು, ಬೇಕಾಗಿದ್ದು ಪಿಯುಸಿ ಫಿಸಿಕ್ಸ್ ಅಷ್ಟೇ. ಖಾಲಿ ಟ್ಯಾಂಕಿಗೆ 27 ಡಿಗ್ರಿಯ ನೀರು ತುಂಬಿಸಿ ಕಾದೆ. ಒಂದು ಗಂಟೆಗೆ 26ಕ್ಕೆ ಇಳಿಯಿತು. 20 ಲೀಟರ್ ನೀರು ಒಂದು ಡಿಗ್ರಿ ಇಳಿದರೆ ಸುಮಾರು 84 ಕಿಲೋಜೂಲ್. 3600 ಸೆಕೆಂಡಿಗೆ ಹಂಚಿದರೆ 23 ವಾಟ್. ಅಂದರೆ ಕೋಣೆಗಿಂತ ಒಂದೊಂದು ಡಿಗ್ರಿ ಹೆಚ್ಚು ಇಡೋಕೆ ಮೂರು ವಾಟ್. ನಮಗೆ ಬೇಕಾಗಿದ್ದು ಏಳು ಡಿಗ್ರಿ, 21-22 ವಾಟ್ ಅಷ್ಟೇ!

ಥರ್ಮೋಸ್ಟ್ಯಾಟ್ ಅಂಟಿಕೊಂಡರೆ 100 ವಾಟಿನದು ನೀರನ್ನು 50 ಡಿಗ್ರಿ ದಾಟಿಸೋವರೆಗೆ ನಿಲ್ಲಲ್ಲ. 50 ವಾಟಿನದು ಎಷ್ಟು ಉರಿದರೂ 35ರ ಹತ್ತಿರ ನಿಲ್ಲುತ್ತೆ, ಅದೂ ನಿಧಾನಕ್ಕೆ. ರಾತ್ರಿ ಹತ್ತಕ್ಕೆ ಅಂಟಿಕೊಂಡಿದ್ದರೂ ಬೆಳಿಗ್ಗೆ ಆರಕ್ಕೆ ಸುಮಾರು 32. ಮೀನು ಒದ್ದಾಡುತ್ತಿತ್ತು, ಆದರೆ ಬದುಕಿರುತ್ತಿತ್ತು. ಈ 32 ಅನ್ನೋ ಸಂಖ್ಯೆ ಬರೆದ ಹಾಳೆಯನ್ನು ತಂಗಿಗೆ ತೋರಿಸಲಿಲ್ಲ.

25 ವಾಟಿನದು ಯಾಕಲ್ಲ ಅಂತ ಕೇಳಬಹುದು. ಕೋಣೆ 16ಕ್ಕೆ ಇಳಿದರೆ ಅದು ಸಾಲಲ್ಲ. ಹಾಗಾಗಿ 50 ತಂದೆ, ಜೊತೆಗೆ ಹೊರಗಿನಿಂದ ಕರೆಂಟ್ ಕಟ್ ಮಾಡುವ ಬೇರೆ ಕಂಟ್ರೋಲರ್. ಎರಡೂ ಒಂದೇ ರಾತ್ರಿ ಕೈಕೊಟ್ಟರೆ ಮಾತ್ರ ಕಷ್ಟ. ನೀರು ಬದಲಿಸುವಾಗ ಮೊದಲು ಪ್ಲಗ್ ಕೀಳಬೇಕು, ಬಿಸಿ ಗಾಜು ಗಾಳಿಗೆ ಬಂದರೆ ಒಡೆಯುತ್ತೆ. ಇದನ್ನು ಅಮ್ಮನಿಗೂ ಹೇಳಿಕೊಟ್ಟಿದ್ದೇನೆ.

ಹೊಸ ಮೀನು ನೀಲಿ ಬಣ್ಣದ್ದು. ಹಾಸ್ಟೆಲಿಗೆ ಬಂದ ಮೇಲೂ ದಿನಾ ರಾತ್ರಿ ತಂಗಿ ಥರ್ಮಾಮೀಟರ್ ಫೋಟೋ ಕಳಿಸ್ತಾಳೆ. ನಿನ್ನೆ 26. ಕೆಳಗೆ ಒಂದೇ ಸಾಲು: "ಕಾಳು ತಿಂತು."